ಇವತ್ತೇ ನಿಕಾಲಿ ಆಗಬೇಕು: ಎದುರಾಳಿ ಕ್ಲಬ್‌ಗಳ ಫುಟ್‌ಬಾಲ್ ಕಪ್ ಫೈನಲ್ ಎಂದರೇನು?

2023ರ ಸೆಪ್ಟೆಂಬರ್ 3ರ ರವಿವಾರ ಸಂಜೆ ಹುಬ್ಬಳ್ಳಿಯ ವಿದ್ಯಾನಗರದ ಒಂದು ಚಹಾದಂಗಡಿಯಲ್ಲಿ ಟಿವಿಯ ಮುಂದೆ ಏಳೆಂಟು ಜನ ಕುಳಿತಿದ್ದರು. ಹಿಂದಿನ ದಿನ ಶ್ರೀಲಂಕಾದ ಪಲ್ಲೆಕೆಲೆಯಲ್ಲಿ ಭಾರತ–ಪಾಕಿಸ್ತಾನ ಏಷ್ಯಾ ಕಪ್ ಕ್ರಿಕೆಟ್ ಪಂದ್ಯ ನಡೆದಿತ್ತು. ಭಾರತ 266 ರನ್ ಗಳಿಸಿದ ಮೇಲೆ ಮಳೆ ಹಿಡಿದು, ಪಾಕಿಸ್ತಾನ ಬ್ಯಾಟ್ ಹಿಡಿಯುವ ಮೊದಲೇ ಆಟ ರದ್ದಾಗಿ, ಎರಡೂ ತಂಡಗಳು ಒಂದೊಂದು ಪಾಯಿಂಟ್ ಹಂಚಿಕೊಂಡಿದ್ದವು. ಆ ಬೇಸರ ಇನ್ನೂ ಆರಿರಲಿಲ್ಲ. ಚಾನೆಲ್ ಬದಲಿಸುತ್ತಿದ್ದ ಹುಡುಗನ ಕೈ ಒಂದು ಕಡೆ ನಿಂತಿತು. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದ ಅರ್ಧ ಭಾಗ ಹಸಿರು–ಕಂದುಗೆಂಪು ಬಣ್ಣದಿಂದಲೂ ಉಳಿದರ್ಧ ಕೆಂಪು–ಹಳದಿ ಬಣ್ಣದಿಂದಲೂ ತುಂಬಿತ್ತು. ಅದು ಡುರಾಂಡ್ ಕಪ್ ಫುಟ್‌ಬಾಲ್ ಫೈನಲ್, ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಕ್ಲಬ್‌ಗಳ ನಡುವೆ.

"ಅಲ್ರೀ ಸರ, ಇದೂ ಸಮ ಆತಂದ್ರ ಪಾಯಿಂಟ್ ಹಂಚಿಬಿಡ್ತಾರೇನು?" ಎಂದು ಅಂಗಡಿಯವರು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೂಲೆಯ ಬೆಂಚಿನಲ್ಲಿದ್ದ ವಯಸ್ಸಾದ ಪೈಲ್ವಾನರೊಬ್ಬರು ಉತ್ತರಿಸಿದರು. "ಫೈನಲ್ ಅಂದ್ರ ನಿಕಾಲಿ ಕುಸ್ತಿ ಇದ್ದಂಗ. ಯಾರರೆ ಒಬ್ಬರ ಬೆನ್ನು ಮಣ್ಣಿಗೆ ಹತ್ತಾಕಬೇಕು."

ಈ ಒಂದು ಮಾತಿನಲ್ಲಿ ಕಪ್ ಫೈನಲ್‌ನ ಮುಕ್ಕಾಲು ಪಾಲು ತಿಳಿವಳಿಕೆ ಅಡಗಿದೆ. ನಮ್ಮ ಕಡೆಯ ಜಾತ್ರೆಗಳ ಕುಸ್ತಿ ಭಿತ್ತಿಪತ್ರಗಳಲ್ಲಿ 'ನಿಕಾಲಿ' ಎಂಬ ಪದ ಕಂಡವರಿಗೆ ಅದರ ಅರ್ಥ ಗೊತ್ತು: ತೀರ್ಮಾನ ಆಗುವವರೆಗೂ ಬಿಡದ ಜೋಡಿ. ಫುಟ್‌ಬಾಲ್ ಫೈನಲ್‌ನಲ್ಲಿ ಹೊಸಬರಿಗೆ ವಿಚಿತ್ರವಾಗಿ ಕಾಣುವ ಹಲವು ಸಂಗತಿಗಳು, ಅಂದರೆ ಹೆಚ್ಚುವರಿ ಸಮಯ, ಪೆನಾಲ್ಟಿ ಶೂಟೌಟ್, ಒಂದು ರೆಡ್ ಕಾರ್ಡ್‌ಗೆ ಕ್ರೀಡಾಂಗಣವೆಲ್ಲ ಎದ್ದು ನಿಲ್ಲುವುದು, ಇವೆಲ್ಲ ಹುಟ್ಟುವುದು ಅಂದೇ ತೀರ್ಮಾನ ಆಗಬೇಕೆಂಬ ಆ ಒಂದು ಕಟ್ಟಳೆಯಿಂದಲೇ. 2022ರಲ್ಲಿ ಬೆಂಗಳೂರು ಎಫ್‌ಸಿ ಇದೇ ಡುರಾಂಡ್ ಕಪ್ಪನ್ನು ಮುಂಬೈ ಸಿಟಿಯ ವಿರುದ್ಧ 2–1ರಿಂದ ಗೆದ್ದ ಮೇಲೆ ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡದವರೂ ಇಂತಹ ಫೈನಲ್‌ಗಳತ್ತ ಕಣ್ಣು ಹಾಯಿಸುತ್ತಿದ್ದಾರೆ. ಅಂಥವರಿಗಾಗಿ ಆ ಸಂಜೆಯ ಪಂದ್ಯವನ್ನೇ ಮುಂದಿಟ್ಟುಕೊಂಡು ವಿಷಯವನ್ನು ಬುಡದಿಂದ ಬಿಡಿಸಿ ಹೇಳುವ ಪ್ರಯತ್ನ ಇದು.

ಲೀಗ್ ಪಿಗ್ಮಿ ಇದ್ದಂತೆ, ಕಪ್ ಟೆಂಡರ್ ಇದ್ದಂತೆ

ಕ್ಲಬ್ ಫುಟ್‌ಬಾಲ್‌ನಲ್ಲಿ ಸ್ಪರ್ಧೆಗಳು ಮುಖ್ಯವಾಗಿ ಎರಡು ಬಗೆ. ಒಂದು ಲೀಗ್. ಅದರಲ್ಲಿ ಪ್ರತಿ ತಂಡವೂ ಉಳಿದ ಪ್ರತಿ ತಂಡದೊಡನೆ ಸಾಮಾನ್ಯವಾಗಿ ಎರಡು ಬಾರಿ, ಒಮ್ಮೆ ತನ್ನ ಊರಿನಲ್ಲಿ ಮತ್ತೊಮ್ಮೆ ಎದುರಾಳಿಯ ಊರಿನಲ್ಲಿ, ಆಡುತ್ತದೆ. ಗೆದ್ದರೆ 3 ಪಾಯಿಂಟ್, ಸಮವಾದರೆ 1, ಸೋತರೆ ಸೊನ್ನೆ. ತಿಂಗಳುಗಟ್ಟಲೆ ಹೀಗೆ ಕೂಡಿಟ್ಟು ಕೊನೆಯಲ್ಲಿ ಹೆಚ್ಚು ಪಾಯಿಂಟ್ ಇದ್ದವರು ವಿಜೇತರು. ಇದು ಪಿಗ್ಮಿ ಕಟ್ಟಿದ ಹಾಗೆ. ನಡುವೆ ಒಂದೆರಡು ದಿನ ತಪ್ಪಿದರೂ ವರ್ಷದ ಕೊನೆಗೆ ಕೈಯಲ್ಲಿ ಒಂದು ಮೊತ್ತ ಉಳಿದಿರುತ್ತದೆ.

ಎರಡನೆಯದು ಕಪ್. ಇಲ್ಲಿ ಒಂದು ಹಂತದ ನಂತರ ಸೋತವರು ಹೊರಗೆ, ಗೆದ್ದವರು ಮುಂದಕ್ಕೆ. ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ಆ ಎರಡು ಫೈನಲ್‌ನಲ್ಲಿ ಎದುರಾಗುತ್ತವೆ. ಇದನ್ನು ನಾಕೌಟ್ ಎನ್ನುತ್ತಾರೆ. ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ತಂದ ರೈತನ ಸ್ಥಿತಿಗೆ ಇದು ಹತ್ತಿರ. ಬೆಳೆ ಎಷ್ಟು ತಿಂಗಳ ದುಡಿಮೆಯದಾಗಿದ್ದರೂ ದರ ಗೊತ್ತಾಗುವುದು ಟೆಂಡರ್ ತೆರೆದ ಆ ದಿನ ಮಾತ್ರ.

ಈ ಎರಡರ ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ಇಂಡಿಯನ್ ಸೂಪರ್ ಲೀಗ್ ಒಳ್ಳೆಯ ಉದಾಹರಣೆ, ಏಕೆಂದರೆ 2024–25ರವರೆಗೆ ಅದರಲ್ಲಿ ಎರಡೂ ಬೆರೆತಿದ್ದವು. ಲೀಗ್‌ನಲ್ಲಿ ಮೊದಲು ಬಂದವರಿಗೆ 'ಶೀಲ್ಡ್' ಸಿಗುತ್ತಿತ್ತು. ಆಮೇಲೆ ಮೇಲಿನ ಕೆಲವು ತಂಡಗಳ ನಡುವೆ ಪ್ಲೇಆಫ್ ನಡೆದು, ಅದರ ಫೈನಲ್ ಗೆದ್ದವರಿಗೆ 'ಕಪ್' ಸಿಗುತ್ತಿತ್ತು. 2024–25ರಲ್ಲಿ 24 ಲೀಗ್ ಪಂದ್ಯಗಳಿಂದ ಮೋಹನ್ ಬಾಗಾನ್ 56 ಪಾಯಿಂಟ್ ಗಳಿಸಿ ಶೀಲ್ಡ್ ಎತ್ತಿಕೊಂಡಿತು. ಬೆಂಗಳೂರು ಎಫ್‌ಸಿ ಗಳಿಸಿದ್ದು 38. ಹದಿನೆಂಟು ಪಾಯಿಂಟ್‌ಗಳ ಅಂತರ ಎಂದರೆ ಆರು ಪಂದ್ಯಗಳ ಗೆಲುವು. ಆದರೆ 2025ರ ಏಪ್ರಿಲ್ 12ರಂದು ಕಪ್ ಫೈನಲ್‌ನಲ್ಲಿ ಇವೆರಡೂ ಎದುರಾದಾಗ ಆ ಹದಿನೆಂಟಕ್ಕೆ ಬೆಲೆಯೇ ಇರಲಿಲ್ಲ. 49ನೇ ನಿಮಿಷದಿಂದ 72ನೇ ನಿಮಿಷದವರೆಗೆ ಮುಂದಿದ್ದದ್ದು ಬೆಂಗಳೂರು.

ಕಪ್ ಸ್ಪರ್ಧೆಗಳಲ್ಲಿ ಸಣ್ಣ ತಂಡಗಳು ಬಹಳ ದೂರ ಬರುವುದಕ್ಕೂ ಇದೇ ಕಾರಣ. 2022ರಲ್ಲಷ್ಟೇ ಹುಟ್ಟಿದ ಡೈಮಂಡ್ ಹಾರ್ಬರ್ ಎಂಬ ಕ್ಲಬ್ 2025ರ ಡುರಾಂಡ್ ಕಪ್ ಸೆಮಿಫೈನಲ್‌ನಲ್ಲಿ ಈಸ್ಟ್ ಬೆಂಗಾಲನ್ನು 2–1ರಿಂದ ಸೋಲಿಸಿ ಫೈನಲ್ ತಲುಪಿತು. ಫೈನಲ್‌ನಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ಎದುರು 1–6ರಿಂದ ಮುಗ್ಗರಿಸಿತು ಎಂಬುದು ಬೇರೆ ಮಾತು.

ಒಮ್ಮೆ ಸೋತ ತಂಡ ಫೈನಲ್‌ಗೆ ಬಂದದ್ದು ಹೇಗೆ?

ಆ ಸಂಜೆ ಅಂಗಡಿಯಲ್ಲಿ ಎದ್ದ ಎರಡನೆಯ ಪ್ರಶ್ನೆ ಇದು. ಮೋಹನ್ ಬಾಗಾನ್ ಅದೇ ಟೂರ್ನಿಯಲ್ಲಿ ಆಗಸ್ಟ್ 12ರಂದು ಇದೇ ಈಸ್ಟ್ ಬೆಂಗಾಲ್ ಎದುರು 0–1ರಿಂದ ಸೋತಿತ್ತು. ಈಸ್ಟ್ ಬೆಂಗಾಲ್‌ಗೆ ನಾಲ್ಕೂವರೆ ವರ್ಷಗಳ ನಂತರ ದಕ್ಕಿದ್ದ ಗೆಲುವು ಅದು. ಸೋತವರು ಹೊರಗೆ ಎಂದಮೇಲೆ ಇವರು ಮತ್ತೆ ಹೇಗೆ ಬಂದರು?

ಅನೇಕ ಕಪ್‌ಗಳು ನೇರವಾಗಿ ನಾಕೌಟ್‌ನಿಂದ ಶುರುವಾಗುವುದಿಲ್ಲ. ಮೊದಲು ತಂಡಗಳನ್ನು ಗುಂಪುಗಳಾಗಿ ಹಂಚಿ ಪುಟ್ಟ ಲೀಗ್ ಆಡಿಸುತ್ತಾರೆ. 2023ರ ಡುರಾಂಡ್ ಕಪ್‌ನಲ್ಲಿ 24 ತಂಡಗಳು, ನಾಲ್ಕು ನಾಲ್ಕರ ಆರು ಗುಂಪುಗಳು. ಪ್ರತಿ ಗುಂಪಿನ ಮೊದಲಿಗರು ಆರು ತಂಡ, ಎರಡನೆಯ ಸ್ಥಾನ ಪಡೆದವರಲ್ಲಿ ಉತ್ತಮವಾದ ಎರಡು ತಂಡ, ಒಟ್ಟು ಎಂಟು ತಂಡಗಳಿಗೆ ಕ್ವಾರ್ಟರ್ ಫೈನಲ್. ಈಸ್ಟ್ ಬೆಂಗಾಲ್ 7 ಪಾಯಿಂಟ್‌ಗಳೊಂದಿಗೆ ತನ್ನ ಗುಂಪಿನಲ್ಲಿ ಮೊದಲಾಯಿತು; ಮೋಹನ್ ಬಾಗಾನ್ ಉಳಿದೆರಡು ಪಂದ್ಯ ಗೆದ್ದು 6 ಪಾಯಿಂಟ್‌ಗಳಿಂದ ಎರಡನೆಯದಾಗಿ ಒಳನುಗ್ಗಿತು. ಅಲ್ಲಿಂದ ಮುಂದೆ ಮುಂಬೈ ಸಿಟಿಯನ್ನು 3–1ರಿಂದ, ಎಫ್‌ಸಿ ಗೋವಾವನ್ನು 2–1ರಿಂದ ಮಣಿಸಿತು. ಅತ್ತ ಈಸ್ಟ್ ಬೆಂಗಾಲ್ ಸೆಮಿಫೈನಲ್‌ನಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ 0–2 ಹಿಂದಿದ್ದು, 90 ನಿಮಿಷ ಕಳೆದು ಏಳನೆಯ ನಿಮಿಷದಲ್ಲಿ 2–2 ಮಾಡಿ, ಪೆನಾಲ್ಟಿಯಲ್ಲಿ 5–3ರಿಂದ ಪಾರಾಯಿತು.

ಡರ್ಬಿ: ಒಂದೇ ಊರಿನ ಎರಡು ನೆನಪು

ಒಂದೇ ಊರಿನ ಅಥವಾ ನೆರೆಹೊರೆಯ ಎರಡು ಕ್ಲಬ್‌ಗಳ ನಡುವಿನ ಪಂದ್ಯವನ್ನು ಫುಟ್‌ಬಾಲ್‌ನಲ್ಲಿ ಡರ್ಬಿ ಎನ್ನುತ್ತಾರೆ. ಹುಬ್ಬಳ್ಳಿಯವರಿಗೂ ಧಾರವಾಡದವರಿಗೂ ನಡೆಯುವ ಕೊನೆಯಿಲ್ಲದ ವಾದವನ್ನು ನೆನೆದರೆ ಡರ್ಬಿಯ ಹೊರಮೈ ಅರ್ಥವಾಗುತ್ತದೆ. ಪೇಢೆ ನಿಮ್ಮದು ಇರಬಹುದು, ವ್ಯಾಪಾರ ನಮ್ಮದು, ಎಂಬ ಧಾಟಿಯ ವಾದ ಅದು. ಆದರೆ ಕೋಲ್ಕತ್ತದ ಡರ್ಬಿಯ ಒಳಗಿರುವುದು ಎರಡು ಬಡಾವಣೆಗಳ ಜಗಳವಲ್ಲ. ಅದು ಮೂಲ ಊರಿನ ಪ್ರಶ್ನೆ.

ಮೋಹನ್ ಬಾಗಾನ್ ಹುಟ್ಟಿದ್ದು 1889ರಲ್ಲಿ. 1911ರ ಜುಲೈ 29ರಂದು ಅದು ಐಎಫ್‌ಎ ಶೀಲ್ಡ್ ಎಂಬ ಕಪ್ ಸ್ಪರ್ಧೆಯ ಫೈನಲ್‌ನಲ್ಲಿ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿತು. ತಂಡದ ಬಹುತೇಕರು ಬರಿಗಾಲಲ್ಲಿ ಆಡಿದ್ದರು. ಆಳುವವರನ್ನು ಅವರದೇ ಆಟದಲ್ಲಿ ಕೆಡವಿದ್ದರಿಂದ ಆ ಗೆಲುವು ಬಂಗಾಳದಾಚೆಗೂ ಹೆಸರಾಯಿತು. ಇಂದಿಗೂ ಕ್ಲಬ್ ಆ ದಿನವನ್ನು ಮೋಹನ್ ಬಾಗಾನ್ ದಿನವೆಂದು ಆಚರಿಸುತ್ತದೆ.

ಈಸ್ಟ್ ಬೆಂಗಾಲ್ ಹುಟ್ಟಿದ್ದು 1920ರ ಆಗಸ್ಟ್ 1ರಂದು. ಆಗ ಜೋಡಾಬಾಗಾನ್ ಎಂಬ ತಂಡ ಮೋಹನ್ ಬಾಗಾನ್ ವಿರುದ್ಧದ ಪಂದ್ಯಕ್ಕೆ ಪೂರ್ವ ಬಂಗಾಳ ಮೂಲದ ಆಟಗಾರನನ್ನು ಹೊರಗಿಟ್ಟಿತು. ಅದರಿಂದ ನೊಂದ ಉಪಾಧ್ಯಕ್ಷ ಸುರೇಶ್ ಚಂದ್ರ ಚೌಧುರಿ ಹೊರಬಂದು ಇನ್ನಿತರರೊಡನೆ ಸೇರಿ ಹೊಸ ಕ್ಲಬ್ ಕಟ್ಟಿದರು ಎಂಬುದು ಕ್ಲಬ್ಬಿನ ಹುಟ್ಟಿನ ಕಥೆ. ಎರಡೂ ತಂಡಗಳು ಲೀಗ್‌ನಲ್ಲಿ ಮೊದಲು ಎದುರಾದದ್ದು 1925ರ ಮೇ 28ರಂದು. ಈಸ್ಟ್ ಬೆಂಗಾಲ್ 1–0ರಿಂದ ಗೆದ್ದಿತು.

1947ರ ದೇಶ ವಿಭಜನೆ ಈ ಪೈಪೋಟಿಗೆ ಬೇರೆಯೇ ಆಳ ಕೊಟ್ಟಿತು. ಪೂರ್ವ ಬಂಗಾಳ ಪಾಕಿಸ್ತಾನಕ್ಕೆ ಸೇರಿದಾಗ ಮನೆ ಮಠ ಬಿಟ್ಟು ಕೋಲ್ಕತ್ತಕ್ಕೆ ಬಂದ ಲಕ್ಷಾಂತರ ಜನರಿಗೆ, ಬಿಟ್ಟುಬಂದ ನೆಲದ ಹೆಸರನ್ನು ಹೊತ್ತ ಒಂದು ಫುಟ್‌ಬಾಲ್ ತಂಡ ಈ ಅಪರಿಚಿತ ನಗರದಲ್ಲಿ ಸಿಕ್ಕಿತು. ಹಾಗೆ ಬಂದವರನ್ನು ಸ್ಥಳೀಯರು 'ಬಾಂಗಾಲ್' ಎಂದರು. ಪಶ್ಚಿಮದ ಮೂಲ ನಿವಾಸಿಗಳು 'ಘೋಟಿ'ಗಳು. ಬಾಂಗಾಲರ ಮಾತಿನ ಧಾಟಿಯನ್ನು ಘೋಟಿಗಳು ಅಣಕಿಸುತ್ತಿದ್ದರಂತೆ. ಬೆಂಗಳೂರಿನ ಕಚೇರಿಯಲ್ಲಿ "ಏನ್ರೀ, ಹೆಂಗದೀರಿ" ಎಂದು ಬಾಯಿ ತೆರೆದು, ಸುತ್ತ ನಕ್ಕದ್ದನ್ನು ನುಂಗಿಕೊಂಡ ನಮ್ಮ ಕಡೆಯ ಯಾವ ಹುಡುಗನಿಗೂ ಇದರಲ್ಲಿ ವಿವರಿಸಬೇಕಾದದ್ದು ಹೆಚ್ಚೇನಿಲ್ಲ. ಆ ಹುಡುಗನಿಗೆ ಪ್ರತಿ ವರ್ಷ ಒಂದೆರಡು ಸಲ, ತುಂಬಿದ ಕ್ರೀಡಾಂಗಣದಲ್ಲಿ, ಆ ನಗೆಗೆ ಉತ್ತರ ಕೊಡುವ ಅವಕಾಶವಿದೆ ಎಂದುಕೊಳ್ಳಿ.

ಪೈಪೋಟಿ ಅಡುಗೆಮನೆಗೂ ನುಗ್ಗಿದೆ. ಈಸ್ಟ್ ಬೆಂಗಾಲ್ ಗೆದ್ದರೆ ಅವರ ಮನೆಗಳಲ್ಲಿ ಇಲಿಶ್ ಮೀನು, ಮೋಹನ್ ಬಾಗಾನ್ ಗೆದ್ದರೆ ಸಿಗಡಿ. ನಮ್ಮಲ್ಲಿ ರೊಟ್ಟಿಯವರು, ಮುದ್ದೆಯವರು ಎಂದು ಹೇಳಿದಂತೆಯೇ, ಆದರೆ ಇಲ್ಲಿ ಯಾರು ಏನು ಉಣ್ಣಬೇಕೆಂದು ರೆಫರಿಯ ಸೀಟಿ ತೀರ್ಮಾನಿಸುತ್ತದೆ.

ಸಂಖ್ಯೆಗಳೂ ಇದರ ತೂಕ ಹೇಳುತ್ತವೆ. 1975ರ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ 5–0ರಿಂದ ಗೆದ್ದದ್ದನ್ನು ಆಗಿನ್ನೂ ಹುಟ್ಟದವರೂ ಇಂದು ಬೆರಳೆತ್ತಿ ತೋರಿಸುತ್ತಾರೆ. 1997ರ ಜುಲೈ 13ರಂದು ಫೆಡರೇಷನ್ ಕಪ್ ಸೆಮಿಫೈನಲ್‌ಗೆ ಸಾಲ್ಟ್ ಲೇಕ್‌ನಲ್ಲಿ ಸೇರಿದ್ದವರು ಸುಮಾರು 1,31,000 ಜನ. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದು ಈಸ್ಟ್ ಬೆಂಗಾಲ್ 4–1ರಿಂದ ಗೆದ್ದಿತು. ಕಹಿ ನೆನಪೂ ಇದೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇವೆರಡರ ಲೀಗ್ ಪಂದ್ಯದ ವೇಳೆ ಗಲಭೆ, ನೂಕುನುಗ್ಗಲಿನಲ್ಲಿ 16 ಅಭಿಮಾನಿಗಳು ಸತ್ತರು. ಇಂದು ಡರ್ಬಿಯಲ್ಲಿ ಎರಡು ಬಣ್ಣದವರನ್ನು ಬೇರೆ ಬೇರೆ ಗೇಟುಗಳಿಂದ ಒಳಬಿಟ್ಟು, ನಡುವೆ ಪೊಲೀಸರನ್ನು ನಿಲ್ಲಿಸುವುದು ಏಕೆಂದು ಟಿವಿಯಲ್ಲಿ ನೋಡುವವರಿಗೆ ಅನ್ನಿಸಿದರೆ ಈ ದಿನವನ್ನು ನೆನೆಯಬೇಕು.

ಕರ್ನಾಟಕಕ್ಕೂ ಈ ಕಥೆಗೂ ಕೊಂಡಿಗಳಿವೆ. ಬೆಂಗಳೂರು ಎಫ್‌ಸಿಯ ಮುಖವೇ ಆಗಿಹೋದ ಸುನಿಲ್ ಛೆಟ್ರಿ ವೃತ್ತಿ ಜೀವನ ಆರಂಭಿಸಿದ್ದು 2002ರಲ್ಲಿ ಮೋಹನ್ ಬಾಗಾನ್‌ನಲ್ಲಿ. ಮುಂದೆ ಈಸ್ಟ್ ಬೆಂಗಾಲ್‌ಗೂ ಆಡಿದರು. 2023ರ ಆ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್‌ನ ಕೋಚ್ ಆಗಿದ್ದ ಸ್ಪೇನಿನ ಕಾರ್ಲೆಸ್ ಕ್ವಾಡ್ರಾಟ್ 2018–19ರಲ್ಲಿ ಬೆಂಗಳೂರು ಎಫ್‌ಸಿಗೆ ಸೂಪರ್ ಲೀಗ್ ಗೆದ್ದುಕೊಟ್ಟವರು.

ತೊಂಬತ್ತು ನಿಮಿಷ, ಮತ್ತು ಅದರ ಬಾಲ

ಪಂದ್ಯ 45 ನಿಮಿಷಗಳ ಎರಡು ಅವಧಿಗಳದು. ನಡುವೆ ಹೆಚ್ಚೆಂದರೆ 15 ನಿಮಿಷ ವಿರಾಮ. ಕಬಡ್ಡಿಯಲ್ಲಿ ಟೈಮ್‌ಔಟ್ ಕೊಟ್ಟಾಗ ಗಡಿಯಾರ ನಿಲ್ಲುತ್ತದೆ, ಫುಟ್‌ಬಾಲ್‌ನಲ್ಲಿ ನಿಲ್ಲುವುದಿಲ್ಲ. ಗಾಯಾಳುವಿಗೆ ಚಿಕಿತ್ಸೆ, ಆಟಗಾರರ ಬದಲಾವಣೆ, ಗೋಲಿನ ಸಂಭ್ರಮ ಇವುಗಳಲ್ಲಿ ಹಾಳಾದ ಸಮಯವನ್ನು ರೆಫರಿ ಲೆಕ್ಕವಿಟ್ಟು ಪ್ರತಿ ಅವಧಿಯ ಕೊನೆಗೆ ಸೇರಿಸುತ್ತಾರೆ. ಗೆರೆಯಾಚೆ ನಿಂತ ಅಧಿಕಾರಿ ಎತ್ತಿ ತೋರಿಸುವ ಫಲಕದಲ್ಲಿ 6 ಎಂದಿದ್ದರೆ ಕನಿಷ್ಠ ಆರು ನಿಮಿಷ ಆಟವಿದೆ ಎಂದರ್ಥ. ಆ ಆರರಲ್ಲೂ ಯಾರಾದರೂ ಕಾಲಹರಣ ಮಾಡಿದರೆ ಅದು ಇನ್ನೂ ಉದ್ದವಾಗುತ್ತದೆ. ಸೆಮಿಫೈನಲ್‌ನಲ್ಲಿ ಈಸ್ಟ್ ಬೆಂಗಾಲ್‌ಗೆ ಜೀವ ಬಂದದ್ದು ಈ ಬಾಲದಲ್ಲಿಯೇ.

ಸಮವಾದರೆ ಏನು?

ಹಳೆಯ ಕಾಲದಲ್ಲಿ ಫೈನಲ್ ಸಮವಾದರೆ ಮತ್ತೊಂದು ದಿನ ಮರುಪಂದ್ಯ ಆಡಿಸುತ್ತಿದ್ದರು. ಅದೂ ಸಮವಾದರೆ? ಚಹಾದಂಗಡಿಯವರ ಪ್ರಶ್ನೆ ಅಷ್ಟೇನೂ ಹುಚ್ಚುತನದ್ದಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ. 1960ರಲ್ಲಿ ಡುರಾಂಡ್ ಕಪ್ ಫೈನಲ್‌ನಲ್ಲಿ ಇದೇ ಎರಡು ತಂಡಗಳ ನಡುವೆ ತೀರ್ಮಾನವಾಗದೆ ಎರಡನ್ನೂ ಜಂಟಿ ವಿಜೇತರೆಂದು ಘೋಷಿಸಿದ್ದರು. 1978ರಲ್ಲಿ ಫೆಡರೇಷನ್ ಕಪ್‌ನಲ್ಲೂ 1982ರಲ್ಲಿ ಮತ್ತೆ ಡುರಾಂಡ್‌ನಲ್ಲೂ ಇದೇ ಜೋಡಿ ಕಪ್ ಹಂಚಿಕೊಂಡಿತು. ಕುಸ್ತಿ ಕಣದಲ್ಲಿ ಜೋಡಿಯನ್ನು ಸಮ ಎಂದು ಬಿಡಿಸಿದಾಗ ಎರಡೂ ಕಡೆಯವರು ಗೊಣಗುತ್ತ ಮನೆಗೆ ಹೋಗುವುದನ್ನು ಕಂಡವರಿಗೆ ಆ ಸಂಜೆಗಳು ಹೇಗಿದ್ದಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಈಗ ಹಂಚಿಕೆ ಉಳಿದಿರುವುದು ಗುಂಪು ಹಂತದಲ್ಲಿ ಮಾತ್ರ. 2024ರ ಆಗಸ್ಟ್ 18ರಂದು ನಡೆಯಬೇಕಿದ್ದ ಡುರಾಂಡ್ ಡರ್ಬಿಯನ್ನು ಭದ್ರತೆಯ ಕಾರಣದಿಂದ ರದ್ದುಪಡಿಸಿದಾಗ ಎರಡೂ ತಂಡಗಳಿಗೆ ಒಂದೊಂದು ಪಾಯಿಂಟ್ ಕೊಟ್ಟರು. ಥೇಟ್ ಪಲ್ಲೆಕೆಲೆಯ ಹಾಗೆ. ಅಂದು ಆರ್‌ಜಿ ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ವೈದ್ಯೆಗೆ ನ್ಯಾಯ ಕೇಳಿ ಎರಡೂ ಕ್ಲಬ್‌ಗಳ ಅಭಿಮಾನಿಗಳು ಕ್ರೀಡಾಂಗಣದ ಹೊರಗೆ ಒಟ್ಟಾಗಿ ನಿಂತದ್ದು ಆ ಪೈಪೋಟಿಯ ಚರಿತ್ರೆಯಲ್ಲಿ ಅಪರೂಪದ ದೃಶ್ಯ.

ಫೈನಲ್‌ನಲ್ಲಿ ಮಾತ್ರ ತೀರ್ಮಾನ ಅಂದೇ ಹೊರಬೀಳಬೇಕು. ಅದಕ್ಕೆ ಎರಡು ದಾರಿ. ಮೊದಲನೆಯದು ಹೆಚ್ಚುವರಿ ಸಮಯ: 15 ನಿಮಿಷಗಳ ಎರಡು ಅವಧಿ. ಮೇಲೆ ಹೇಳಿದ 'ಸೇರಿಸಿದ ಸಮಯ'ಕ್ಕೂ ಇದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಗೊಂದಲ ಹುಟ್ಟಿಸುತ್ತದೆ. ಸೇರಿಸಿದ ಸಮಯ ಎಂದರೆ ಹಾಳಾದದ್ದನ್ನು ತುಂಬಿಕೊಡುವುದು. ಹೆಚ್ಚುವರಿ ಸಮಯ ಎಂದರೆ ಹೊಸದಾಗಿ ಅರ್ಧ ಗಂಟೆ ಕೊಡುವುದು. 2025ರ ಸೂಪರ್ ಲೀಗ್ ಫೈನಲ್ 1–1ರಲ್ಲಿ ನಿಂತಾಗ ಬೆಂಗಳೂರಿನ ಕೈಯಿಂದ ಕಪ್ ಜಾರಿದ್ದು ಇಲ್ಲಿ: 96ನೇ ನಿಮಿಷದಲ್ಲಿ ಜೇಮಿ ಮೆಕ್ಲಾರೆನ್ ಗೋಲು ಹೊಡೆದು ಮೋಹನ್ ಬಾಗಾನ್ 2–1ರಿಂದ ಗೆದ್ದಿತು. ಎಲ್ಲ ಕಪ್‌ಗಳ ನಿಯಮ ಒಂದೇ ಅಲ್ಲ. ಕೆಲವು ಟೂರ್ನಿಗಳು ಹೆಚ್ಚುವರಿ ಸಮಯವನ್ನು ಕೈಬಿಟ್ಟು ನೇರವಾಗಿ ಎರಡನೆಯ ದಾರಿ ಹಿಡಿಯುತ್ತವೆ.

ಅರ್ಧ ಪಿಚ್ ದೂರದಿಂದ

ಆ ಎರಡನೆಯ ದಾರಿಯೇ ಪೆನಾಲ್ಟಿ ಶೂಟೌಟ್. ಚೆಂಡನ್ನು ಗೋಲಿನಿಂದ 11 ಮೀಟರ್ ದೂರದ ಚುಕ್ಕೆಯ ಮೇಲಿಡುತ್ತಾರೆ. ಕ್ರಿಕೆಟ್ ಪಿಚ್‌ನ ಅರ್ಧಕ್ಕಿಂತ ಒಂದು ಹೆಜ್ಜೆ ಹೆಚ್ಚು, ಅಷ್ಟೇ. ಎದುರಿಗೆ 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಚೌಕಟ್ಟು. ಅದರಲ್ಲಿ ಒಬ್ಬನೇ ಗೋಲ್‌ಕೀಪರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒದ್ದ ಚೆಂಡು ಗೆರೆ ಮುಟ್ಟಲು ಬೇಕಾದದ್ದು ಸುಮಾರು 0.4 ಸೆಕೆಂಡ್. ನೋಡಿ ಹಾರುವಷ್ಟು ವ್ಯವಧಾನ ಅವನಿಗಿಲ್ಲ, ಒದೆಯುವವನ ಸೊಂಟ, ಊರಿದ ಕಾಲು ಯಾವ ಕಡೆ ತಿರುಗಿದೆ ಎಂಬುದನ್ನು ಓದಿ ಮುಂಚೆಯೇ ಒಂದು ಬದಿಗೆ ಬೀಳಬೇಕು. ಚೆಂಡು ಒದೆಯುವ ಕ್ಷಣದಲ್ಲಿ ಅವನ ಒಂದು ಪಾದವಾದರೂ ಗೋಲು ಗೆರೆಯ ಮೇಲೋ ಅದಕ್ಕೆ ನೇರವಾಗಿಯೋ ಅದರ ಹಿಂದೆಯೋ ಇರಬೇಕೆಂಬ ನಿಯಮವೂ ಇದೆ.

ಯಾವ ಬದಿಯ ಗೋಲಿಗೆ ಒದೆಯಬೇಕು, ಯಾರು ಮೊದಲು ಒದೆಯಬೇಕು ಎಂಬುದನ್ನು ನಾಣ್ಯ ಹಾರಿಸಿ ಗೊತ್ತುಮಾಡುತ್ತಾರೆ. ಪ್ರತಿ ತಂಡಕ್ಕೆ ಐದೈದು ಒದೆತ. ಐದರ ನಂತರವೂ ಸಮವಾಗಿದ್ದರೆ ಒಂದೊಂದೇ. ಒಬ್ಬರು ಹೊಡೆದು ಇನ್ನೊಬ್ಬರು ತಪ್ಪಿಸಿದ ಕೂಡಲೇ ಆಟ ಮುಗಿಯಿತು. ಪಂದ್ಯ ಮುಗಿದಾಗ ಕಣದಲ್ಲಿ ಇದ್ದವರಿಗೆ ಮಾತ್ರ ಒದೆಯುವ ಹಕ್ಕು, ಆದ್ದರಿಂದ ಒಳ್ಳೆಯ ಪೆನಾಲ್ಟಿಗಾರನನ್ನು ಕೋಚ್ ಬದಲಿಸಿ ಕೂರಿಸಿದ್ದರೆ ಆಮೇಲೆ ಪಶ್ಚಾತ್ತಾಪವೇ ಗತಿ.

ಪಂದ್ಯದ ನಡುವೆ ಸಿಗುವ ಪೆನಾಲ್ಟಿ ಬೇರೆ. ತನ್ನದೇ ಗೋಲಿನ ಮುಂದಿನ ದೊಡ್ಡ ಪೆಟ್ಟಿಗೆಯೊಳಗೆ ರಕ್ಷಣಾ ಆಟಗಾರ ಎದುರಾಳಿಯನ್ನು ಬೀಳಿಸಿದರೆ ಅಥವಾ ಚೆಂಡಿಗೆ ಕೈ ತಾಗಿಸಿದರೆ ಕೊಡುವ ಶಿಕ್ಷೆ ಅದು. ಅಲ್ಲಿ ಗೋಲ್‌ಕೀಪರ್ ತಡೆದ ಚೆಂಡು ಪುಟಿದು ಬಂದರೆ ಮತ್ತೆ ಒದೆಯಬಹುದು. ಶೂಟೌಟ್‌ನಲ್ಲಿ ಒಂದೇ ಅವಕಾಶ.

ಈ ಪದ್ಧತಿ ಅಂತರರಾಷ್ಟ್ರೀಯ ನಿಯಮದೊಳಗೆ ಬಂದದ್ದು 1970ರಲ್ಲಿ. ಜಗತ್ತಿನ ಅತಿ ಹಳೆಯ ಕಪ್ಪಾದ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್‌ನಲ್ಲಿ ಮರುಪಂದ್ಯ 1993ರವರೆಗೂ ನಡೆದಿತ್ತು. ಅದರ ಫೈನಲ್ ಮೊದಲ ಬಾರಿ ಶೂಟೌಟ್‌ನಿಂದ ತೀರ್ಮಾನವಾದದ್ದು 2005ರಲ್ಲಿ. ಇದನ್ನು ಜೂಜು ಎನ್ನುವವರಿದ್ದಾರೆ. ನೂರಿಪ್ಪತ್ತು ನಿಮಿಷ ಓಡಿ ಸೆಳೆತ ಹಿಡಿದ ಕಾಲಿನಲ್ಲಿ, ಇಡೀ ಕ್ರೀಡಾಂಗಣ ಕೂಗುತ್ತಿರುವಾಗ, ಮಧ್ಯದ ಗೆರೆಯಿಂದ ಚುಕ್ಕೆಯವರೆಗೆ ಒಬ್ಬನೇ ನಡೆದು ಬರುವುದನ್ನು ಒಮ್ಮೆ ನೋಡಿದರೆ ಜೂಜು ಎಂಬ ಮಾತು ಅರ್ಧಸತ್ಯ ಎನ್ನಿಸುತ್ತದೆ.

ಕಬಡ್ಡಿಯಂತೆ ಮರಳಿ ಬರಲಾಗದು

ಒರಟು ಆಟಕ್ಕೆ ರೆಫರಿ ಹಳದಿ ಕಾರ್ಡ್ ತೋರಿಸುತ್ತಾರೆ, ಅದು ಎಚ್ಚರಿಕೆ. ಒಬ್ಬನೇ ಆಟಗಾರನಿಗೆ ಎರಡನೆಯ ಹಳದಿ ಬಂದರೆ ಅದು ಕೆಂಪಾಗುತ್ತದೆ. ತಪ್ಪು ಗಂಭೀರವಾಗಿದ್ದರೆ ನೇರವಾಗಿ ಕೆಂಪು. ಕಬಡ್ಡಿಯಲ್ಲಿ ಔಟಾದವನು ತನ್ನವರು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಮತ್ತೆ ಒಳಬರುತ್ತಾನೆ. ಫುಟ್‌ಬಾಲ್‌ನಲ್ಲಿ ಕೆಂಪು ಕಂಡವನು ಒಳಬರುವುದಿಲ್ಲ, ಅವನ ಬದಲು ಇನ್ನೊಬ್ಬನೂ ಬರುವಂತಿಲ್ಲ. ಉಳಿದ ಹತ್ತು ಜನ ಹನ್ನೊಂದು ಜನರ ಜಾಗ ಕಾಯಬೇಕು.

2023ರ ಫೈನಲ್‌ನ 62ನೇ ನಿಮಿಷದಲ್ಲಿ ಆದದ್ದು ಇದೇ. ಮೋಹನ್ ಬಾಗಾನ್‌ನ ಅನಿರುದ್ಧ್ ಥಾಪಾ ಎರಡನೆಯ ಹಳದಿ ಕಂಡು ಹೊರನಡೆದರು. ಗೋಲು ಇನ್ನೂ 0–0. ಚಹಾದಂಗಡಿಯವರು ಕಪ್ಪು–ಬಸಿ ತೊಳೆಯುವುದನ್ನು ಬಿಟ್ಟು, ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. "ಮುಗೀತು ಬಿಡ್ರಿ ಅವರದ್ದು" ಎಂದರು. ಲೆಕ್ಕದ ಪ್ರಕಾರ ಅವರ ಮಾತು ಸರಿ. ಆದರೆ ಒಬ್ಬ ಕಡಿಮೆಯಾದ ತಂಡ ಹಿಂದೆ ಸರಿದು ಗುಂಪುಗೂಡಿ ನಿಲ್ಲುತ್ತದೆ. ಹೆಚ್ಚು ಜನರಿರುವ ತಂಡ ಗೆಲ್ಲುವ ಅವಸರದಲ್ಲಿ ಮುಂದೆ ನುಗ್ಗುತ್ತದೆ, ಅದರ ಬೆನ್ನ ಹಿಂದೆ ಬಯಲು ತೆರೆದುಕೊಳ್ಳುತ್ತದೆ. ಆ ಬಯಲಿಗೆ ಚೆಂಡು ಹಿಡಿದು ಓಡುವುದಕ್ಕೆ ಪ್ರತಿದಾಳಿ ಎನ್ನುತ್ತಾರೆ. 71ನೇ ನಿಮಿಷದಲ್ಲಿ ಮೋಹನ್ ಬಾಗಾನ್‌ನ ಆಸ್ಟ್ರೇಲಿಯನ್ ಆಟಗಾರ ದಿಮಿತ್ರಿ ಪೆಟ್ರಾಟೋಸ್ ಹಾಗೆಯೇ ಓಡಿ, ಪೆಟ್ಟಿಗೆಯ ಹೊರಗಿನಿಂದಲೇ ಎಡಗಾಲಿನಲ್ಲಿ ಒದ್ದರು. ಚೆಂಡು ಬಲೆಯಲ್ಲಿತ್ತು. ಪೈಲ್ವಾನರು ಏನನ್ನೂ ಹೇಳದೆ ಎದುರಿದ್ದ ಹುಡುಗನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಕೆಳಗೆ ಬಿದ್ದ ಪೈಲ್ವಾನ ಮೇಲಿನವನ ತೂಕವನ್ನೇ ಬಳಸಿ ಅವನನ್ನು ಮಗುಚುವುದನ್ನು ಅವರು ಎಷ್ಟು ಸಲ ಕಂಡಿದ್ದಾರೋ.

ಟವೆಲ್ ಹಾಕಿ ಸೀಟು ಹಿಡಿಯುವಂತಿಲ್ಲ

ಆಫ್‌ಸೈಡ್ ಬಗ್ಗೆ ಎರಡು ಮಾತು ಸಾಕು. ಗದಗ ಬಸ್ಸು ನಿಲ್ದಾಣಕ್ಕೆ ಬರುತ್ತಿದ್ದಂತೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅಂತಹ ಕೆಲಸವನ್ನು ಗೋಲಿನ ಮುಂದೆ ಮಾಡದಂತೆ ತಡೆಯುವ ನಿಯಮ ಇದು. ತನ್ನವನು ಚೆಂಡು ಒದ್ದ ಕ್ಷಣದಲ್ಲಿ, ಎದುರಾಳಿಯ ಅರ್ಧದಲ್ಲಿರುವ ಆಟಗಾರ ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತಲೂ ಗೋಲು ಗೆರೆಗೆ ಹತ್ತಿರ ನಿಂತಿದ್ದು, ಆ ಚೆಂಡಿನ ಆಟದಲ್ಲಿ ಭಾಗಿಯಾದರೆ ಆಫ್‌ಸೈಡ್. ಆ ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್. ಮುಖ್ಯವಾದದ್ದು ಒದ್ದ ಕ್ಷಣ. ಒದ್ದ ಮೇಲೆ ಎಲ್ಲರಿಗಿಂತ ಮುಂದೆ ಓಡಿಹೋದರೆ ತಪ್ಪಲ್ಲ.

ಕಪ್ಪು ಯಾರ ಮನೆಗೆ?

1–0 ಹಾಗೆಯೇ ಉಳಿಯಿತು. ಫೈನಲ್‌ಗೆ ಮೊದಲು ಎರಡೂ ಕ್ಲಬ್‌ಗಳ ಬಳಿ 16–16 ಡುರಾಂಡ್ ಕಪ್‌ಗಳಿದ್ದವು. ಮೋಹನ್ ಬಾಗಾನ್ 17ಕ್ಕೆ ಏರಿತು. 2004ರ ಫೈನಲ್‌ನಲ್ಲಿ 2–1ರಿಂದ ಗೆದ್ದಿದ್ದ ಈಸ್ಟ್ ಬೆಂಗಾಲ್ 19 ವರ್ಷ ಉಳಿಸಿಕೊಂಡಿದ್ದ ಮಾತಿನ ಮೇಲುಗೈ ಕೈತಪ್ಪಿತು.

ಬಹುಮಾನ ಕೊಡುವಾಗ ಅಂಗಡಿಯಲ್ಲಿದ್ದವರು ಮತ್ತೊಮ್ಮೆ ಗೊಂದಲಕ್ಕೆ ಬಿದ್ದರು, ಏಕೆಂದರೆ ಮೇಜಿನ ಮೇಲೆ ಇದ್ದದ್ದು ಒಂದಲ್ಲ, ಮೂರು ಟ್ರೋಫಿ. ಬ್ರಿಟಿಷ್ ಭಾರತದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಮಾರ್ಟಿಮರ್ ಡುರಾಂಡ್ ಹೆಸರಿನಲ್ಲಿ 1888ರಲ್ಲಿ ಶಿಮ್ಲಾ ಸಮೀಪದ ಡಗ್ಶಾಯಿಯಲ್ಲಿ, ಸೈನಿಕರ ಪಂದ್ಯಾವಳಿಯಾಗಿ ಆರಂಭವಾದ ಈ ಸ್ಪರ್ಧೆ ಏಷ್ಯಾದಲ್ಲೇ ಅತಿ ಹಳೆಯದು; ಇಂದಿಗೂ ಇದನ್ನು ನಡೆಸುವುದು ಸೇನಾಪಡೆಗಳೇ. ಬಹಳ ಕಾಲ ಕಪ್ ಗೋರಾ ರೆಜಿಮೆಂಟುಗಳ ಕೈಯಲ್ಲೇ ಓಡಾಡಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ಕ್ಲಬ್ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್, 1940ರಲ್ಲಿ. ಅದಕ್ಕೂ ಮೊದಲೇ, 1937 ಮತ್ತು 1938ರಲ್ಲಿ, ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು ಎಂಬುದನ್ನು ನಮ್ಮ ರಾಜ್ಯದವರೇ ಮರೆತಿದ್ದಾರೆ.

ಆ ಮೂರರಲ್ಲಿ ಮೊದಲನೆಯದು ಮೂಲ ಡುರಾಂಡ್ ಕಪ್, ಎರಡನೆಯದು ಶಿಮ್ಲಾ ನಿವಾಸಿಗಳು ಕೊಟ್ಟ ಶಿಮ್ಲಾ ಟ್ರೋಫಿ. ಇವೆರಡೂ ತಿರುಗುವ ಪಾರಿತೋಷಕಗಳು, ಮುಂದಿನ ವಿಜೇತರಿಗೆ ಬಿಟ್ಟುಕೊಡಬೇಕಾದವು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಕಾಲದಲ್ಲಿ, 1956ರಲ್ಲಿ ಸೇರಿದ ಪ್ರೆಸಿಡೆಂಟ್ಸ್ ಕಪ್ ಮಾತ್ರ ಗೆದ್ದವರ ಬಳಿಯೇ ಉಳಿಯುತ್ತದೆ. 2024ರಲ್ಲಿ ಮೋಹನ್ ಬಾಗಾನ್ ಮತ್ತೆ ಫೈನಲ್‌ಗೆ ಬಂದು, ವಿರಾಮದ ವೇಳೆಗೆ 2–0 ಮುಂದಿದ್ದು, ಕೊನೆಗೆ 2–2ರ ಸಮದಲ್ಲಿ ಪೆನಾಲ್ಟಿಗೆ ಸಿಕ್ಕಿತು. ನಾರ್ತ್‌ಈಸ್ಟ್ ಯುನೈಟೆಡ್‌ನ ಗೋಲ್‌ಕೀಪರ್ ಗುರ್ಮೀತ್ ಸಿಂಗ್ ಎರಡು ಒದೆತಗಳನ್ನು ತಡೆದರು. 4–3. ತಿರುಗುವ ಎರಡೂ ಟ್ರೋಫಿಗಳು ಗುವಾಹಟಿಯ ದಾರಿ ಹಿಡಿದವು.